ಬಳ್ಳಿಯ ತುದಿಯ ಅಕ್ಷರ

ಯಾರನ್ನಾದರೂ ಏನನ್ನಾದರೂ ಕೇಳುವ ಮೊದಲು ಶಾಲ್ಮಲಾ ಆ ಮಾತನ್ನು ತೋರುಬೆರಳಿನಿಂದ ತನ್ನ ಎಡ ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದಳು. ಬರೆದದ್ದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಸರಿಯೆನಿಸಿದರೆ ಕೇಳುತ್ತಿದ್ದಳು. ಇಲ್ಲವಾದರೆ ಅಂಗೈಯನ್ನು ದುಪಟ್ಟಾಕ್ಕೆ ಒರೆಸಿ ಸುಮ್ಮನಾಗುತ್ತಿದ್ದಳು. ಮೌನೇಶಾಚಾರ್ಯರ ಬಳಿ ಅಕ್ಷರ ಬರೆಯುವುದನ್ನು ಕಲಿಯಲು ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷಗಳಲ್ಲಿ ಕೇಳಿದ ಪ್ರಶ್ನೆಗಳಿಗಿಂತ ಒರೆಸಿದ ಪ್ರಶ್ನೆಗಳೇ ಹೆಚ್ಚು.

ಅಂದು ಅವಳು ಅಂಗೈಯತ್ತ ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವಳು ನಿಂತ ಕಾಲಲ್ಲೇ ಕೇಳಿದಳು.

"ಗುರುಗಳೇ, ನನ್ನ ಕೈಯಿಂದ ಹುಟ್ಟಿದ್ದು ನನ್ನದು ಎಂದು ಸಾಬೀತು ಮಾಡುವುದು ಹೇಗೆ?"

ಆಚಾರ್ಯರು ಕುಂಚವನ್ನು ಕೆಳಗಿಟ್ಟರು.

"ಇವತ್ತು ಅಂಗೈಗೆ ರಜೆಯೇನಮ್ಮ?"

ಶಾಲ್ಮಲಾ ನಗಲಿಲ್ಲ. ಅವಳದು ಇಂಟರ್ನೆಟ್ಟಿನಲ್ಲಿ ಒಂದು ಚಿಕ್ಕ ಅಂಗಡಿ. ನಾಮಕರಣದ ಕಾರ್ಡಿನ ವಿನ್ಯಾಸಗಳನ್ನು ಮಾಡಿ ಅಲ್ಲಿ ಇಡುತ್ತಿದ್ದಳು. ಕೊಂಡವರು ಅದರಲ್ಲಿ ಮಗುವಿನ ಹೆಸರು ತುಂಬಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದದ್ದು ತೊಟ್ಟಿಲಿನ ಚಿತ್ರ. ಆ ತೊಟ್ಟಿಲು ನಿನ್ನೆ ಇನ್ನೊಬ್ಬನ ಅಂಗಡಿಯಲ್ಲಿ ಅವಳ ಕಣ್ಣಿಗೆ ಬಿದ್ದಿತ್ತು. ಅದೇ ಹಗ್ಗ, ಅದೇ ಗೆಜ್ಜೆ. ಎಡಕ್ಕಿದ್ದ ಗಿಣಿಯನ್ನು ಬಲಕ್ಕೆ ತಿರುಗಿಸಿದ್ದ, ಅಷ್ಟೆ.

"ಕೇಳಿದರೆ ನನ್ನನ್ನೇ ಬ್ಲಾಕ್ ಮಾಡಿದ ಗುರುಗಳೇ! ಕದ್ದವನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಾನೆ, ಕಳೆದುಕೊಂಡ ನಾನು ಹೊರಗೆ ನಿಂತು ಬಡಿಯಬೇಕು. ಅವನಿಗೆ ನಾಚಿಕೆ ಬೇಡವೇ?"

"ಬೇಕು," ಎಂದರು ಆಚಾರ್ಯರು. "ಕುಳಿತುಕೋ. ನಿನ್ನಂಥದೇ ಅಂಗಡಿ ಇಟ್ಟಿದ್ದ ಒಬ್ಬಳ ಕತೆ ಹೇಳುತ್ತೇನೆ."

ಅವರು ಹೇಳಿದ ಕತೆ ಇದು.

ಒಬ್ಬ ಚಿತ್ರಗಾರ್ತಿ ಇದ್ದಳು. ಮದುವೆಯ ಕಾರ್ಡಿನ ವಿನ್ಯಾಸ ಮಾಡಿ ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದಳು. ಅವಳ ಅಂಗಡಿಗೆ ಬಾಗಿಲಿರಲಿಲ್ಲ, ಬೀಗವಿರಲಿಲ್ಲ. ಅವಳು ಕಾಗದ ಮಾರುತ್ತಿರಲಿಲ್ಲ. ಕೊಂಡವರಿಗೆ ಒಂದು ಫೈಲು ಸಿಗುತ್ತಿತ್ತು. ಅವರು ಅದರಲ್ಲಿ ತಮ್ಮ ಮನೆಯವರ ಹೆಸರು ತುಂಬಿ, ತಮ್ಮೂರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿಕೊಳ್ಳುತ್ತಿದ್ದರು.

ಮೊದಲ ವರ್ಷ ಅಂಗಡಿಗೆ ಯಾರೂ ಬರಲಿಲ್ಲ. ಅವಳು ಮಾತಿನವಳಲ್ಲ, ನೋಡುವವಳು. ಜನ ಹೇಗೆ ಕೊಳ್ಳುತ್ತಾರೆ ಎಂದು ನೋಡುತ್ತ ಹೋದಳು. ಕಾರ್ಡನ್ನು ಜನ ಮೊದಲು ನೋಡುವುದು ಅಂಗೈಯಗಲದ ಫೋನಿನಲ್ಲಿ ಎಂದು ತಿಳಿಯಿತು. ಹೆಸರುಗಳನ್ನು ದಪ್ಪ ಮಾಡಿದಳು. ಮೇಲೆ ಯಾರ ಮನೆದೇವರು ಇರಬೇಕು ಎಂಬುದಕ್ಕೆ ಬೀಗರ ನಡುವೆ ಜಗಳವಾಗುತ್ತದೆ ಎಂದು ತಿಳಿಯಿತು. ಇಬ್ಬರು ದೇವರಿಗೂ ಸಮನಾಗಿ ಜಾಗ ಬಿಟ್ಟಳು. ಫೈಲಿನಲ್ಲಿ ಕನ್ನಡ ಕೂಡಿಸಲು ಬಾರದೆ ಜನ ಕೈಚೆಲ್ಲುತ್ತಾರೆ ಎಂದು ತಿಳಿಯಿತು. ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ಚಿಕ್ಕ ಮಾತುಗಳಲ್ಲಿ ಬರೆದಿಟ್ಟಳು. ಯಾರು ಏನು ಕೇಳಿದರೂ ಅದೇ ದಿನ ಉತ್ತರ ಕೊಟ್ಟಳು. ಎದುರಿಗೆ ನಿಂತು ಮಾತಾಡಲು ಹೆದರುವವಳಿಗೆ ಬರೆದು ಮಾತಾಡುವುದು ಸುಲಭವಾಗಿತ್ತು. ಮೂರನೆಯ ವರ್ಷಕ್ಕೆ ಅಂಗಡಿ ಅವಳ ಕೈ ಹಿಡಿಯಿತು.

ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು ಒಂದು ಮಲ್ಲಿಗೆ ಬಳ್ಳಿ. ಅದನ್ನು ಬರೆಯಲು ಅವಳು ನಲವತ್ತು ದಿನ ತೆಗೆದುಕೊಂಡಿದ್ದಳು. ಬಳ್ಳಿ ಕಾರ್ಡಿನ ಕೆಳಗಿನ ಮೂಲೆಯಲ್ಲಿ ಹುಟ್ಟಿ, ಅಂಚಿನ ಸುತ್ತ ಹಬ್ಬಿ, ವಧುವಿನ ತಂದೆಯ ಹೆಸರಿನ ಜಾಗಕ್ಕೆ ಬಂದು ಮುಗಿಯುತ್ತಿತ್ತು. ಮುಗಿಯುವಲ್ಲಿ ಅದರ ತುದಿ ಸುರುಳಿ ಸುತ್ತಿ ಒಂದು ಅಕ್ಷರವಾಗುತ್ತಿತ್ತು. ಆ ಅಕ್ಷರ 'ದಿ'. ಬಳ್ಳಿಯ ಸುರುಳಿಯೇ ಅದರ ಗುಡಿಸು. ಪಕ್ಕದಲ್ಲಿ ಎರಡು ನೆಟ್ಟನೆಯ ಗೆರೆಗಳು, ಬಳ್ಳಿಗೆ ಊರಿದ ಕಡ್ಡಿಗಳ ಹಾಗೆ.

ಅವಳು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಓದಲು ಬರುತ್ತಿತ್ತು. ಆದರೆ ಕಾರ್ಡಿನಲ್ಲಿ ಹೆಸರಿಗಿಂತ ಮೊದಲು ಹಾಕುವ ಈ ಚೂರುಪಾರು ಅಕ್ಷರಗಳನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವುದು ಎಲ್ಲಿ ಬರಬೇಕು ಎಂದು ನೋಡಲು ತಾಯಿಯ ಗೆಳತಿಯೊಬ್ಬಳ ಹಳೆಯ ಮದುವೆ ಕಾರ್ಡನ್ನು ಮುಂದೆ ಇಟ್ಟುಕೊಂಡಿದ್ದಳು. ಅದರಲ್ಲಿ ವಧುವಿನ ತಂದೆಯ ಹೆಸರಿಗೆ 'ದಿ||' ಎಂದಿತ್ತು. ಸಹಕಾರಿ ಬ್ಯಾಂಕುಗಳ ಬೋರ್ಡಿನ ಮೇಲೂ ಮೊದಲಿಗೆ 'ದಿ' ಎಂದು ಬರೆದಿರುವುದನ್ನು ಅವಳು ನೋಡಿದ್ದಳು. ದೊಡ್ಡವರ ಮರ್ಯಾದೆಗೆ ಹೀಗೆ ಹಾಕುತ್ತಾರೆ ಎಂದುಕೊಂಡಳು. ಯಾರನ್ನಾದರೂ ಕೇಳಬೇಕು ಎನಿಸಿತು. ಇಷ್ಟೂ ಗೊತ್ತಿಲ್ಲವೇ ಎಂದಾರು ಎಂದು ನಾಚಿಕೆಯಾಯಿತು. ಕೇಳಲಿಲ್ಲ.

ಅವಳ ಕಾರ್ಡಿನಲ್ಲಿ ಬಳ್ಳಿಯ ಬಣ್ಣ ತಿಳಿ ಬಂಗಾರ. ಅಕ್ಷರ ಎಲೆಗಳೊಳಗೆ ಮುಳುಗಿ ಒಂದು ಮೊಗ್ಗಿನ ಹಾಗೆ ಕಾಣುತ್ತಿತ್ತು. ಕೊಂಡವರು ತಮ್ಮ ತಮ್ಮ ಹೆಸರು ನೋಡಿಕೊಂಡರು. ಮೊಗ್ಗನ್ನು ಯಾರು ಓದುತ್ತಾರೆ?

ಹೀಗಿರುವಾಗ ಒಬ್ಬ ವ್ಯಾಪಾರಿ ಆ ಬಳ್ಳಿಯನ್ನು ಇದ್ದ ಹಾಗೆ ಎತ್ತಿಕೊಂಡ. ಬೇರೆಯದು ಎಂದು ಕಾಣಲಿ ಎಂದು ಬಂಗಾರವನ್ನು ಅಳಿಸಿ ಕಡು ಕೆಂಪು ತುಂಬಿದ. ತನ್ನ ಅಂಗಡಿಯಲ್ಲಿ ಅವಳಿಗಿಂತ ಅಗ್ಗಕ್ಕೆ ಇಟ್ಟ.

ಚಿತ್ರಗಾರ್ತಿ ಅದನ್ನು ಕಂಡಳು. ಮೈಯೆಲ್ಲ ಉರಿದುಹೋಯಿತು. ನಲವತ್ತು ದಿನದ ಕೆಲಸ ಅವನಿಗೆ ನಾಲ್ಕು ನಿಮಿಷದ್ದಾಗಿತ್ತು. ಅವನಿಗೆ ಬರೆದಳು. ಅವನೂ ಬರೆದ.

"ಬಳ್ಳಿಗೆ ಯಾರಪ್ಪನ ಅಪ್ಪಣೆ ಬೇಕು ಅಕ್ಕಾ? ಕಾಂಪೌಂಡು ಕಂಡಲ್ಲಿ ಹಬ್ಬುತ್ತದೆ."

ಅಂಗಡಿಗಳಿಗೆ ಜಾಗ ಕೊಟ್ಟಿದ್ದ ಕಂಪನಿಗೆ ಅವಳು ದೂರು ಕೊಟ್ಟಳು. ಅವರು ಸಾಕ್ಷಿ ಕೇಳಿದರು. ಬಳ್ಳಿಯನ್ನು ಯಾರು ಬೇಕಾದರೂ ಬರೆಯಬಹುದು, ಇದು ನಿನ್ನದೇ ಎನ್ನಲು ಗುರುತೇನು ಎಂದರು. ಅವಳು ಯೋಚಿಸಿದಳು. ಥಟ್ಟನೆ ಹೊಳೆಯಿತು. ಆ ಅಕ್ಷರವನ್ನು ದೊಡ್ಡದು ಮಾಡಿ, ಸುತ್ತ ಒಂದು ಗೆರೆ ಎಳೆದು, ಕಂಪನಿಯವರಿಗೂ ಕಳಿಸಿದಳು, ಊರೆಲ್ಲ ನೋಡುವ ಹಾಗೆ ಇಂಟರ್ನೆಟ್ಟಿನಲ್ಲೂ ಹಾಕಿದಳು. ಕೆಳಗೆ ಹೀಗೆ ಬರೆದಳು.

"ಈ 'ದಿ' ನೋಡಿ. ಇದರ ಗುಡಿಸು ನನ್ನ ಬಳ್ಳಿಯ ತುದಿ. ಪ್ರಪಂಚದಲ್ಲಿ ಬೇರೆ ಯಾರೂ ಹೀಗೆ ಬರೆದಿಲ್ಲ. ಕಳ್ಳ ಇದನ್ನೂ ಬಿಡಲಿಲ್ಲ."

ಕಂಪನಿಯವರು ವಿಚಾರಿಸುತ್ತೇವೆ ಎಂದರು. ನೋಡಿದವರು ಕಳ್ಳನಿಗೆ ಶಾಪ ಹಾಕಿದರು. ಅವಳ ಕೈಯನ್ನು ಹೊಗಳಿದರು. ನಡುವೆ ಯಾರೋ ಒಬ್ಬರು ಬರೆದರು.

"ಬರಹ ಚೆಂದ ಇದೆ ಮೇಡಂ. ಆದರೆ ವಧುವಿನ ತಂದೆಯನ್ನು ಯಾಕೆ ಸಾಯಿಸಿದಿರಿ? 'ದಿ' ಅಂದರೆ ದಿವಂಗತ ಅಲ್ಲವೇ?"

ಚಿತ್ರಗಾರ್ತಿಯ ಕಿವಿ ಬಿಸಿಯಾಯಿತು. ಹಾಕಿದ್ದನ್ನು ತಕ್ಷಣ ತೆಗೆದಳು. ತನ್ನ ಫೈಲಿಗೆ ಹೋಗಿ 'ದಿ||' ಅಳಿಸಿ 'ಶ್ರೀ' ಮಾಡಿದಳು. ಹಳೆಯದೊಂದನ್ನೂ ಉಳಿಸಿಕೊಳ್ಳಲಿಲ್ಲ. ಈಗಾಗಲೇ ಕೊಂಡವರ ವಿಳಾಸಗಳೆಲ್ಲ ಅವಳ ಬಳಿ ಇದ್ದವು. ಒಂದು ಸಾಲು ಬರೆದು ಕಳಿಸಿದ್ದರೆ ಸಾಕಿತ್ತು. ಆ ಸಾಲನ್ನು ಬರೆದಳು ಕೂಡ. ಬರೆದ ಮೇಲೆ, ಇದನ್ನು ಓದಿದವರು ನನ್ನ ಅಂಗಡಿಗೆ ಮತ್ತೆ ಬರುತ್ತಾರೆಯೇ ಎನಿಸಿತು. ಯಾರಾದರೂ ಕೇಳಿದರೆ ಹೇಳೋಣ ಎಂದು ಅಳಿಸಿದಳು. ಯಾರೂ ಕೇಳಲಿಲ್ಲ. ವ್ಯಾಪಾರಿಯ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ಅವನು ಕದಿಯದೆ ಇದ್ದಿದ್ದರೆ ಈ ತಪ್ಪು ಯಾರಿಗೂ ಕಾಣುತ್ತಿರಲಿಲ್ಲ ಎಂದು ಅದು ಇನ್ನಷ್ಟು ಏರಿತು.

ಅದೇ ಹೊತ್ತಿಗೆ ಬೇರೊಂದು ಊರಿನಲ್ಲಿ ಒಬ್ಬ ದರ್ಜಿಯ ಮಗಳಿಗೆ ಮದುವೆ ಗೊತ್ತಾಯಿತು. ದರ್ಜಿಯ ಮಗ ವ್ಯಾಪಾರಿಯ ಅಂಗಡಿಯಿಂದ ಕೆಂಪು ಬಳ್ಳಿಯನ್ನು ಕೊಂಡ. ಅಪ್ಪನ ಹೆಸರನ್ನು ತುಂಬಿ, ಕಾಗುಣಿತ ಸರಿಯಿದೆಯೇ ಎಂದು ಮೂರು ಸಲ ನೋಡಿದ. ಹೆಸರನ್ನಷ್ಟೇ ನೋಡಿದ. ಪ್ರೆಸ್ಸಿನವನು ಕೊಟ್ಟದ್ದನ್ನು ಅಚ್ಚು ಹಾಕಿದ. ಯಾರ ಅಪ್ಪ ಇದ್ದಾನೆ, ಯಾರ ಅಪ್ಪ ಇಲ್ಲ ಎಂಬುದು ಅವನಿಗೇನು ಗೊತ್ತು? ಕಾರ್ಡುಗಳು ಮೊದಲು ದೇವರ ಮುಂದೆ ಹೋದವು. ನೆಂಟರ ಮನೆಗಳಿಗೆ ಹೋದವು. ದೂರದವರಿಗೆ ಫೋನಿನಲ್ಲಿ ಹೋದವು.

ದರ್ಜಿಯ ಅಕ್ಕ ದೂರದ ಊರಿನಲ್ಲಿದ್ದಳು. ಅವಳಿಗೆ ಕಣ್ಣು ಮಂಜು. ಸೊಸೆ ಓದಿ ಹೇಳಿದಳು. ಕಡು ಕೆಂಪಿನಲ್ಲಿ ಅಕ್ಷರ ಎದ್ದು ಕಾಣುತ್ತಿತ್ತು. ಸೊಸೆ ಇದ್ದದ್ದನ್ನು ಇದ್ದ ಹಾಗೆ, ದಿವಂಗತ ಎಂದೇ ಓದಿದಳು. ಅಕ್ಕ ಸಿಕ್ಕಿದ ಬಸ್ಸು ಹತ್ತಿದಳು. ಬಸ್ಸಿಳಿದು ಓಣಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದಳು. ದರ್ಜಿ ಮದುಮಗಳ ಕುಪ್ಪಸ ಹೊಲಿಯುತ್ತ ಕುಳಿತಿದ್ದ. ಕೊರಳಲ್ಲಿ ಟೇಪು ಹಾಕಿಕೊಂಡೇ ಎದ್ದು ಬಂದ. ಅಕ್ಕ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಇದ್ದೀ ಏನೋ! ಇದ್ದೂ ನನಗ ಹೇಳಲಿಲ್ಲಲ್ಲೋ ಭಾಡ್ಯಾ!"

ನೋಡುತ್ತಿದ್ದವರು ನಕ್ಕರು. ಅಕ್ಕನೂ ಅಳುತ್ತಲೇ ನಕ್ಕಳು. ಆದರೆ ಮರುದಿನ ಬೀಗರ ಮನೆಯಿಂದ ಫೋನು ಬಂತು. ಆ ಮಾತಿಗೆ ಯಾರೂ ನಗಲಿಲ್ಲ. ಹುಡುಗಿಗೆ ತಂದೆಯಿಲ್ಲ ಎಂದು ಮೊದಲೇ ಏಕೆ ಹೇಳಲಿಲ್ಲ, ಹಾಗಾದರೆ ನಮ್ಮ ಮುಂದೆ ಬಂದು ಮಾತಾಡಿದವರು ಯಾರು, ಮದುವೆಯಲ್ಲಿ ಧಾರೆ ಎರೆಯುವವರು ಯಾರು ಎಂದು ಅವರು ಕೇಳಿದರು.

ದರ್ಜಿಯ ಮಗ ವ್ಯಾಪಾರಿಯನ್ನು ಹಿಡಿದ. ಇಷ್ಟು ತಿಂಗಳೂ ಬಳ್ಳಿ ತನ್ನದೆಂದೇ ಮಾರುತ್ತಿದ್ದ ಆ ಮನುಷ್ಯ ಅಂದು ಒಂದು ಗಳಿಗೆಯಲ್ಲಿ ಧರ್ಮಾತ್ಮನಾದ. ತನ್ನ ಅಂಗಡಿಯ ಮುಂದೆ ದಪ್ಪ ಅಕ್ಷರಗಳಲ್ಲಿ ಹಾಕಿಬಿಟ್ಟ.

"ಈ ವಿನ್ಯಾಸ ನನ್ನದಲ್ಲ, ಚಿತ್ರಗಾರ್ತಿಯದು. ತಪ್ಪೇನಿದ್ದರೂ ಅವರನ್ನೇ ಕೇಳಿ."

ಕೆಳಗೆ ಅವಳ ಹೆಸರು, ಅವಳ ಊರು. ಎಷ್ಟು ಬೇಡಿದರೂ ಬರೆಯದ ಹೆಸರನ್ನು ಕೇಳದೆಯೇ ಬರೆದಿದ್ದ. ಲಾಭದ ದಿನ ತನ್ನದಾಗಿದ್ದ ಬಳ್ಳಿ ದೂರಿನ ದಿನ ಅವಳದಾಯಿತು. ಇಂಥವರ ಬಾಯಲ್ಲಿ ಸತ್ಯ ಬರುವುದು ಇಂಥ ಹೊತ್ತಿನಲ್ಲಿ ಮಾತ್ರ.

ಎರಡು ದಿನ ಬಿಟ್ಟು ದರ್ಜಿ ಮತ್ತು ಅವನ ಮಗ ಚಿತ್ರಗಾರ್ತಿಯ ಮನೆಯ ಬಾಗಿಲಿಗೆ ಬಂದರು. ಮಗ ಹೊಸ್ತಿಲಲ್ಲೇ ಕೂಗಾಡಿದ.

"ನಮ್ಮಪ್ಪ ಬದುಕ್ಯಾನ್ರೀ! ನೋಡ್ರಿ, ನಿಮ್ಮ ಕಣ್ಣ ಮುಂದ ನಿಂತಾನ. ಇಂಥಾವನ ಹೆಸರಿಗೆ ಹಿಂಗ ಬರೀಲಿಕ್ಕೆ ನಿಮಗ ಕೈಯಾದ್ರೂ ಹೆಂಗ ಬಂತು?"

"ಸುಮ್ನಿರೋ. ಹುಡುಗಿ ಹೆದರ್ತಾಳ," ಎಂದ ದರ್ಜಿ.

ಅವನು ಕಾರ್ಡು ತೆಗೆದ. ಹೊಲಿಗೆಯನ್ನು ನೋಡುವ ಹಾಗೆ ಬಳ್ಳಿಯ ಗುಂಟ ಬೆರಳಾಡಿಸಿದ. ಬುಡದಿಂದ ತುದಿಯವರೆಗೆ ಹೋಗಿ ಅಕ್ಷರದ ಹತ್ತಿರ ನಿಲ್ಲಿಸಿದ.

"ಇದನ್ನ ಬರದಾಕಿ ನೀನ ಏನವ್ವಾ? ಎಲ್ಲೂ ಕೈ ಎತ್ತಿಲ್ಲ ನೋಡು. ನಲವತ್ತು ವರ್ಷ ಆತು ನಾ ಹೊಲಿಗಿ ಹಾಕಾಕತ್ತಿ. ಇಂಥಾದೊಂದು ಗೆರಿ ನನಗ ಬಂದಿಲ್ಲ."

ಸೂಪರ್ ಎಂದವರಿದ್ದರು. ಐದು ನಕ್ಷತ್ರ ಕೊಟ್ಟವರಿದ್ದರು. ಎಲ್ಲೂ ಕೈ ಎತ್ತಿಲ್ಲ ಎಂಬುದನ್ನು ಕಂಡವರು ಯಾರೂ ಇರಲಿಲ್ಲ. ಚಿತ್ರಗಾರ್ತಿ ಒಂದು ಹೆಜ್ಜೆ ಮುಂದೆ ಬಂದಳು. ಹೌದು ಎನ್ನಲು ಬಾಯಿ ತೆರೆದಳು.

"ಬಳ್ಳಿ ಹಾಳಾಗಿ ಹೋಗ್ಲಿ ಅಪ್ಪಾ," ಎಂದ ಮಗ. "ಅಕ್ಷರ ಯಾರದು, ಅದನ್ನ ಕೇಳು."

"ಹೌದವ್ವಾ. ಈ ಅಕ್ಷರನೂ ನಿಂದ ಏನು? ನಿಂದಾಗಿದ್ರ ಹೇಳು, ಬೈಯೂದಿಲ್ಲ. ಬೀಗರ ಮುಂದ ಬಂದು, ಗೊತ್ತಿಲ್ಲದ ಹಿಂಗಾತು ಅಂತ ಒಂದು ಮಾತು ಅಂದ್ರ ಸಾಕು. ಮತ್ತೇನೂ ಬ್ಯಾಡ."

ಅವಳು ಬಾಯಿ ಮುಚ್ಚಿದಳು. ಅಪರಿಚಿತರ ಮನೆ, ತುಂಬಿದ ಪಡಸಾಲೆ, ಎಲ್ಲರ ಕಣ್ಣು ತನ್ನ ಮೇಲೆ, ಇದೆಲ್ಲ ಎದುರಿಗೆ ಬಂತು. ಇಷ್ಟೂ ಕನ್ನಡ ಬಾರದವಳು ಕನ್ನಡದ ಕಾರ್ಡು ಮಾಡುತ್ತಾಳಂತೆ ಎಂಬ ಮಾತು ಯಾರೂ ಆಡುವ ಮೊದಲೇ ಕೇಳಿಸಿತು.

"ನನ್ನದಲ್ಲ," ಎಂದಳು.

"ಬಳ್ಳಿ?"

ಅಕ್ಷರ ಬಳ್ಳಿಯ ತುದಿಯಲ್ಲೇ ಇತ್ತು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿರಲಿಲ್ಲ.

"ಅದೂ ನನ್ನದಲ್ಲ."

ದರ್ಜಿ ಕಾರ್ಡನ್ನು ಮಡಿಸಿ ಜೇಬಿಗಿಟ್ಟ. "ತಪ್ಪಾತವ್ವಾ. ಸುಮ್ನ ನಿನ್ನ ಬಾಗಲಕ್ಕ ಬಂದ್ವಿ," ಎಂದು ಅವಳಿಗೆ ಕೈಮುಗಿದ.

ಮಗ ಬಿಡಲಿಲ್ಲ. "ಹಂಗಂತ ಬರದು ಕೊಡ್ರಿ. ಆ ವ್ಯಾಪಾರಿ ಮುಖಕ್ಕ ಹಿಡೀತೀನಿ."

ಅವಳು ಬರೆದುಕೊಟ್ಟಳು. 'ಬಳ್ಳಿಯ ವಿನ್ಯಾಸ ನನ್ನದಲ್ಲ. ಅದರಲ್ಲಿರುವ ಯಾವ ಅಕ್ಷರವೂ ನನ್ನದಲ್ಲ.' ಎರಡೇ ಸಾಲು, ಕೆಳಗೆ ಇಂಗ್ಲಿಷಿನಲ್ಲಿ ಸಹಿ.

ದರ್ಜಿ ತಾನೇ ಬೀಗರ ಮನೆಗೆ ಹೋದ. ತಾನು ಬದುಕಿರುವುದಕ್ಕೆ ತಾನೇ ಸಾಕ್ಷಿ ಹೇಳಿ ಬಂದ. ಉಳಿದ ಕಾರ್ಡುಗಳನ್ನು ಮುಂದೆ ಹಾಕಿಕೊಂಡು ಮನೆಮಂದಿಯೆಲ್ಲ ಪೆನ್ನಿನಿಂದ ಒಂದೊಂದಾಗಿ ಆ ಅಕ್ಷರವನ್ನು ತಿದ್ದಿದರು. ಮದುಮಗಳೂ ತಿದ್ದಿದಳು. ಮದುವೆ ನಡೆಯಿತು. ಧಾರೆಯನ್ನು ದರ್ಜಿಯೇ ಎರೆದ.

ಮಗ ಮಾತ್ರ ಹೇಳಿದ ಹಾಗೆ ಆ ಕಾಗದವನ್ನು ಒಯ್ದು ವ್ಯಾಪಾರಿಯ ಮುಖಕ್ಕೆ ಹಿಡಿದ. ವ್ಯಾಪಾರಿ ಅದನ್ನು ಎರಡು ಸಲ ಓದಿದ. ಸಾವಿರ ಸಲ ತಪ್ಪಾಯಿತು ಎಂದ. ಮೆಲ್ಲಗೆ ಅದರದೊಂದು ಫೋಟೋ ತೆಗೆದುಕೊಂಡ.

ಆ ಫೋಟೋ ಮರುದಿನ ಕಂಪನಿಗೆ ಹೋಯಿತು. ದೂರು ಕೊಟ್ಟವಳೇ ತನ್ನದಲ್ಲ ಎಂದು ಸಹಿ ಹಾಕಿದ್ದಾಳೆ, ಇನ್ನೇನು ವಿಚಾರಿಸುತ್ತೀರಿ ಎಂದು ಅವನು ಕೇಳಿದ. ಅವಳ ದೂರು ಬಿದ್ದುಹೋಯಿತು. ಅವನು ತನ್ನ ಅಂಗಡಿಯ ಮುಂದಿನ ಬರಹವನ್ನು ತೆಗೆದ. 'ದಿ||' ಅಳಿಸಿ 'ಶ್ರೀ' ಮಾಡಿದ. ಬಳಿಕ ಅವಳ ಮೇಲೆಯೇ ಒಂದು ದೂರು ಕೊಟ್ಟ. ಈ ಹೆಂಗಸು ನನ್ನ ಬಳ್ಳಿಯನ್ನು ಕದ್ದು ಮಾರುತ್ತಿದ್ದಾಳೆ ಎಂದ. ಎಂಥ ಧೈರ್ಯ ನೋಡು! ಕಂಪನಿಯವರು ಅವಳನ್ನು ಸಾಕ್ಷಿ ಕೇಳಿದರು. ಅವಳಿಗಿದ್ದ ಗುರುತು ಒಂದೇ ಒಂದು. ಅದನ್ನು ಅವಳು ಫೈಲಿನಿಂದ ಅಳಿಸಿದ್ದಳು. ಕಾಗದದ ಮೇಲೆ ಅಲ್ಲಗಳೆದಿದ್ದಳು. ಬಳ್ಳಿಯನ್ನು ಅವಳ ಅಂಗಡಿಯಿಂದ ತೆಗೆದುಹಾಕಿದರು. ಅವನ ಅಂಗಡಿಯಲ್ಲಿ ಅದು ಇವತ್ತಿಗೂ ಇದೆ.

ಆಚಾರ್ಯರು ಕತೆ ನಿಲ್ಲಿಸಿದರು.

ಶಾಲ್ಮಲಾಳ ಮುಖ ಕೆಂಪಾಗಿತ್ತು. "ಇದೆಂಥ ಅನ್ಯಾಯ ಗುರುಗಳೇ! ಕದ್ದವನಿಗೇ ಬಳ್ಳಿ ಉಳಿಯಿತು. ಅವನನ್ನು ಕೇಳುವವರೇ ಇಲ್ಲವೇ?"

"ಅನ್ಯಾಯವೇ. ಅವನ ಕಳ್ಳತನ ಕಳ್ಳತನವೇ. ಅದರಲ್ಲಿ ಎರಡು ಮಾತಿಲ್ಲ."

"ಹಾಗಿದ್ದರೆ ನನ್ನದನ್ನು ನನ್ನದು ಎಂದು ನೀವಾದರೂ ಹೇಳಿ," ಎಂದು ಅವಳು ಫೋನು ತೆಗೆದು ತೊಟ್ಟಿಲಿನ ಚಿತ್ರವನ್ನು ಅವರ ಮುಂದೆ ಇಟ್ಟಳು.

ಆಚಾರ್ಯರು ಕನ್ನಡಕ ಹಾಕಿಕೊಂಡು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ಅವಳ ಕಡೆಗೆ ತಿರುಗಿಸಿದರು.

"ತಪ್ಪು ತನ್ನದಲ್ಲ ಎಂದವಳ ಕೈಯಿಂದ ಬಳ್ಳಿಯೂ ಹೋಯಿತು. ಇದರಲ್ಲಿ ನಿನ್ನ ತಪ್ಪು ಯಾವುದು, ಅದನ್ನು ತೋರಿಸಮ್ಮ."